ಕಾರಿನಲ್ಲಿ ಸುಟ್ಟ ರಬ್ಬರಿನ ವಾಸನೆ: ಕಾರಣಗಳ ಪತ್ತೆ ಮತ್ತು ಪರಿಹಾರ – ವಾಹನ ಮಾಲೀಕರಿಗೆ ಮಾಹಿತಿ

1. ಪೀಠಿಕೆ

ಚಲಿಸುತ್ತಿರುವ ಕಾರಿನಲ್ಲಿ ರಬ್ಬರು ಸುಟ್ಟಂತಹ ವಾಸನೆ ಕಂಡುಬಂದಲ್ಲಿ, ವಾಹನದ ಯಾವುದೋ ಒಂದು ಭಾಗವು ಮಿತಿ ಮೀರಿ ಬಿಸಿಯಾಗುತ್ತಿದೆ ಎಂದು ತಿಳಿಯತಕ್ಕದ್ದು. ಈ ವಾಸನೆಗೆ ಒಂದೇ ಕಾರಣವಿರುವುದಿಲ್ಲ. ಬೆಲ್ಟ್, ಕ್ಲಚ್, ಬ್ರೇಕ್, ಟೈರ್, ಆಯಿಲ್ ಸೋರಿಕೆ, ವಿದ್ಯುತ್ ತಂತಿ ಇವುಗಳಲ್ಲಿ ಯಾವುದಾದರೂ ಒಂದು ದೋಷಕ್ಕೆ ಒಳಗಾಗಿರಬಹುದು. ಇಲ್ಲವೇ ರಸ್ತೆಯಲ್ಲಿ ಬಿದ್ದಿದ್ದ ಪ್ಲಾಸ್ಟಿಕ್ ಚೀಲವೊಂದು ಸೈಲೆನ್ಸರ್ ಕೊಳವೆಗೆ ಅಂಟಿಕೊಂಡಿರಬಹುದು. ಇವುಗಳಲ್ಲಿ ಕೆಲವು ಐದು ನಿಮಿಷದಲ್ಲಿ ಸರಿಹೋಗುವಂತಹವು. ಇನ್ನು ಕೆಲವು ಅಲಕ್ಷಿಸಿದಲ್ಲಿ ಬ್ರೇಕ್ ವೈಫಲ್ಯಕ್ಕೆ ಅಥವಾ ಬೆಂಕಿ ಅನಾಹುತಕ್ಕೆ ದಾರಿ ಮಾಡಿಕೊಡುವಂತಹವು.

ವಾಸನೆಯು ಯಾವ ಸಂದರ್ಭದಲ್ಲಿ ಬರುತ್ತದೆ ಮತ್ತು ವಾಹನದ ಯಾವ ಭಾಗದಿಂದ ಬರುತ್ತದೆ ಎಂಬ ಎರಡು ಅಂಶಗಳನ್ನು ಗಮನಿಸಿದಲ್ಲಿ, ಬಹುತೇಕ ಪ್ರಕರಣಗಳಲ್ಲಿ ದೋಷದ ಮೂಲವನ್ನು ಗುರುತಿಸಲು ಸಾಧ್ಯ. ಮೂಲವನ್ನು ಗುರುತಿಸದೆ ಬಿಡಿಭಾಗಗಳನ್ನು ಬದಲಾಯಿಸುವುದರಿಂದ ಹಣ ವ್ಯಯವಾಗುವುದಲ್ಲದೆ ಅಪಾಯವೂ ಹಾಗೆಯೇ ಉಳಿಯುತ್ತದೆ. ನೋಂದಣಿ ನವೀಕರಣಕ್ಕೆ ಅಥವಾ ಅರ್ಹತಾ ಪತ್ರಕ್ಕೆ ಅರ್ಜಿ ಸಲ್ಲಿಸುವ ಮಾಲೀಕರು ಹಾಗೂ ದಿನನಿತ್ಯ ವಾಹನ ಚಲಾಯಿಸುವ ಸಾರ್ವಜನಿಕರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

2. ವಾಸನೆ ಬಂದ ಕೂಡಲೇ ಅನುಸರಿಸಬೇಕಾದ ಕ್ರಮಗಳು

(1) ಗಾಬರಿಯಿಂದ ಹಠಾತ್ತನೆ ಬ್ರೇಕ್ ಹಾಕದೆ, ಸೂಚಕ ದೀಪ ಬೆಳಗಿಸಿ, ವಾಹನವನ್ನು ರಸ್ತೆಯ ಎಡಬದಿಗೆ ತಂದು ಸಮತಟ್ಟಾದ ಸ್ಥಳದಲ್ಲಿ ನಿಲ್ಲಿಸುವುದು. ಒಣಹುಲ್ಲು, ತರಗೆಲೆ ಅಥವಾ ಕಸದ ರಾಶಿಯ ಮೇಲೆ ನಿಲ್ಲಿಸಬಾರದು.

(2) ಎಂಜಿನ್ ಸ್ಥಗಿತಗೊಳಿಸಿ, ನಾಲ್ಕೂ ಸೂಚಕ ದೀಪಗಳನ್ನು ಬೆಳಗಿಸುವುದು. ಮಕ್ಕಳು ಮತ್ತು ವಯೋವೃದ್ಧರನ್ನು ಮೊದಲು ಕೆಳಗಿಳಿಸಿ, ಎಲ್ಲರನ್ನೂ ಸಂಚಾರದಿಂದ ದೂರವಿರುವ ಬದಿಗೆ ಕಳುಹಿಸುವುದು.

(3) ಹೊಗೆ ಅಥವಾ ಜ್ವಾಲೆ ಇದೆಯೇ ಎಂದು ಹೊರಗಿನಿಂದಲೇ ನೋಡುವುದು. ಬಾನೆಟ್ ಸಂದಿನಿಂದ ಹೊಗೆ ಬರುತ್ತಿದ್ದಲ್ಲಿ ಬಾನೆಟ್ಟನ್ನು ತೆರೆಯಬಾರದು. ತೆರೆದಾಗ ಒಳಗೆ ನುಗ್ಗುವ ಗಾಳಿಯಿಂದ ಬೆಂಕಿ ಒಮ್ಮೆಲೇ ಭುಗಿಲೇಳುತ್ತದೆ. ಇಂತಹ ಸಂದರ್ಭದಲ್ಲಿ ಎಲ್ಲರೂ ಕನಿಷ್ಠ 30 ಮೀಟರ್ ದೂರ ಸರಿದು 112 ಸಂಖ್ಯೆಗೆ ಕರೆ ಮಾಡತಕ್ಕದ್ದು. ಸಾಮಾನು ಸರಂಜಾಮುಗಳಿಗಾಗಿ ವಾಹನಕ್ಕೆ ಹಿಂದಿರುಗಬಾರದು.

(4) ಹೊಗೆ ಇಲ್ಲದಿದ್ದಲ್ಲಿ, ಕೆಲವು ನಿಮಿಷ ಕಾದು, ವಾಹನದ ಸುತ್ತ ಒಮ್ಮೆ ನಡೆದು, ವಾಸನೆ ಎಲ್ಲಿ ಹೆಚ್ಚಾಗಿದೆ ಎಂಬುದನ್ನು ಗುರುತಿಸುವುದು. ಚಕ್ರ, ಸೈಲೆನ್ಸರ್ ಮತ್ತು ಎಂಜಿನ್ ಭಾಗಗಳನ್ನು ಬರಿಗೈಯಿಂದ ಮುಟ್ಟಬಾರದು.

(5) ಪೆಟ್ರೋಲ್ ಅಥವಾ ಅನಿಲದ ವಾಸನೆಯೂ ಸೇರಿಕೊಂಡಿದ್ದಲ್ಲಿ ಎಂಜಿನ್ನನ್ನು ಪುನಃ ಚಾಲನೆ ಮಾಡಲೇಬಾರದು. ಸಿ.ಎನ್.ಜಿ. ಅಥವಾ ಎಲ್.ಪಿ.ಜಿ. ಚಾಲಿತ ವಾಹನವಾಗಿದ್ದು, ಸುರಕ್ಷಿತವಾಗಿ ಕೈಗೆಟಕುವಂತಿದ್ದಲ್ಲಿ ಸಿಲಿಂಡರಿನ ಕವಾಟವನ್ನು ಮುಚ್ಚುವುದು.

3. ವಾಸನೆಯ ಬಗೆಯನ್ನು ಗುರುತಿಸುವುದು

ವಾಹನದಿಂದ ಬರುವ ಎಲ್ಲ ಕಮರು ವಾಸನೆಯೂ ರಬ್ಬರಿನದ್ದಾಗಿರುವುದಿಲ್ಲ. ಟೈರ್ ಮತ್ತು ಬೆಲ್ಟ್ ತಯಾರಿಕೆಯಲ್ಲಿ ರಬ್ಬರನ್ನು ಗಟ್ಟಿಗೊಳಿಸಲು ಗಂಧಕ ಮುಂತಾದ ರಾಸಾಯನಿಕಗಳನ್ನು ಬಳಸಲಾಗುತ್ತದೆ. ಆದಕಾರಣ ಅದು ಸುಟ್ಟಾಗ ಮೂಗಿಗೆ ಅಡರುವ ಕಟುವಾಸನೆ ಬರುತ್ತದೆ. ಕ್ಲಚ್ ಪ್ಲೇಟ್ ಮತ್ತು ಬ್ರೇಕ್ ಪ್ಯಾಡುಗಳಲ್ಲಿ ರಾಳದಿಂದ ಬಂಧಿಸಿದ ಘರ್ಷಣಾ ವಸ್ತು ಇರುವುದರಿಂದ, ಅವು ಕಾದಾಗ ಸುಟ್ಟ ಕಾಗದ ಹಾಗೂ ರಬ್ಬರು ಬೆರೆತಂತಹ ವಾಸನೆ ಬರುತ್ತದೆ. ತಂತಿಯ ಹೊದಿಕೆ ಕರಗಿದಾಗ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಎಂಜಿನ್ ಆಯಿಲ್ ಬಿಸಿ ಕೊಳವೆಯ ಮೇಲೆ ಬಿದ್ದಾಗ ಕರಿದ ಎಣ್ಣೆ ಸೀದಂತಹ ವಾಸನೆ, ರೇಡಿಯೇಟರಿನ ಕೂಲೆಂಟ್ ಸೋರಿದಾಗ ಸಿಹಿ ಮಿಶ್ರಿತ ವಾಸನೆ ಕಂಡುಬರುತ್ತದೆ. ಕೊಳೆತ ಮೊಟ್ಟೆಯಂತಹ ವಾಸನೆ ಬಂದಲ್ಲಿ, ಮಿತಿಮೀರಿ ಚಾರ್ಜ್ ಆಗುತ್ತಿರುವ ಬ್ಯಾಟರಿ ಅಥವಾ ಹೊಗೆಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್‌ನತ್ತ ಗಮನ ಹರಿಸಬೇಕಾಗುತ್ತದೆ.

4. ಸಂದರ್ಭ ಮತ್ತು ಸ್ಥಳದ ಆಧಾರದ ಮೇಲೆ ಪತ್ತೆ

ಮೆಕ್ಯಾನಿಕ್ ಬಳಿಗೆ ಹೋಗುವ ಮುನ್ನ ಮಾಲೀಕರು ಈ ಕೆಳಕಂಡ ಅಂಶಗಳನ್ನು ಬರೆದಿಟ್ಟುಕೊಳ್ಳುವುದು ಉಪಯುಕ್ತ.

- ಎಂಜಿನ್ ಚಾಲನೆ ಮಾಡಿದ ಕೂಡಲೇ ಅಥವಾ ಎ.ಸಿ. ಹಾಕಿದಾಗ ವಾಸನೆ ಬಂದು, ಬಾನೆಟ್ ಒಳಗಿನಿಂದ ಕಿರುಗುಟ್ಟುವ ಶಬ್ದವೂ ಕೇಳಿದಲ್ಲಿ: ಬೆಲ್ಟ್.
- ಏರು ಹತ್ತುವಾಗ ಅಥವಾ ದಟ್ಟ ಸಂಚಾರದಲ್ಲಿ ಪದೇ ಪದೇ ನಿಂತು ಹೊರಡುವಾಗ ಬಂದಲ್ಲಿ: ಕ್ಲಚ್.
- ಇಳಿಜಾರು ಇಳಿದ ನಂತರ ಚಕ್ರಗಳ ಬಳಿ ಬಂದಲ್ಲಿ, ಅಥವಾ ಸಮತಟ್ಟು ರಸ್ತೆಯಲ್ಲಿಯೂ ಒಂದೇ ಚಕ್ರದಿಂದ ಬಂದಲ್ಲಿ: ಬ್ರೇಕ್.
- ತಿರುವಿನಲ್ಲಿ, ಉಬ್ಬು ದಾಟುವಾಗ ಅಥವಾ ಹೆಚ್ಚು ಜನರು ಕುಳಿತಾಗ ಮಾತ್ರ ಬಂದಲ್ಲಿ: ಟೈರ್ ಉಜ್ಜುವಿಕೆ.
- ವಾಹನ ನಿಲ್ಲಿಸಿದ ನಂತರ ಬಾನೆಟ್ ಬಳಿ ಹೆಚ್ಚಾಗಿ, ತೆಳುವಾದ ನೀಲಿ ಹೊಗೆಯೊಡನೆ ಬಂದಲ್ಲಿ: ಆಯಿಲ್ ಸೋರಿಕೆ.
- ಡ್ಯಾಷ್‌ಬೋರ್ಡ್ ಭಾಗದಿಂದ ಅಥವಾ ದೀಪ, ಬ್ಲೋವರ್ ಮುಂತಾದವು ಬಳಕೆಯಲ್ಲಿದ್ದಾಗ ಮಾತ್ರ ಬಂದಲ್ಲಿ: ವಿದ್ಯುತ್ ತಂತಿ.
- ಮುಂದೆ ಸಾಗುವ ಲಾರಿಯ ಹಿಂದೆ ಮಾತ್ರ ಬಂದು, ಅದನ್ನು ದಾಟಿದ ಮೇಲೆ ನಿಂತಲ್ಲಿ: ವಾಸನೆಯು ಬೇರೆ ವಾಹನದ್ದು. ಖಚಿತಪಡಿಸಿಕೊಳ್ಳಲು ಕಿಟಕಿ ಮುಚ್ಚಿ, ಹೊರಗಿನ ಗಾಳಿ ಬಾರದಂತೆ ಎ.ಸಿ. ಗುಂಡಿಯನ್ನು ಹೊಂದಿಸಿ ನೋಡಬಹುದು.

5. ಕಾರಣಗಳು ಮತ್ತು ಪರಿಹಾರೋಪಾಯಗಳು

5.1 ಬೆಲ್ಟ್

ಆಲ್ಟರ್ನೇಟರ್, ಎ.ಸಿ. ಕಂಪ್ರೆಸರ್, ಕೆಲವು ಕಾರುಗಳಲ್ಲಿ ನೀರಿನ ಪಂಪು ಹಾಗೂ ಪವರ್ ಸ್ಟೀರಿಂಗ್ ಪಂಪನ್ನು ತಿರುಗಿಸಲು ಎಂಜಿನ್ ಮುಂಭಾಗದಲ್ಲಿ ರಬ್ಬರ್ ಬೆಲ್ಟ್ ಇರುತ್ತದೆ. ಇದು ಸಡಿಲಗೊಂಡಾಗ, ಅಥವಾ ಅದು ತಿರುಗಿಸಬೇಕಾದ ಭಾಗಗಳಲ್ಲೊಂದು ಬಿಗಿಯಾಗಿ ಹಿಡಿದುಕೊಂಡಾಗ, ಪುಲ್ಲಿಯ ಮೇಲೆ ಜಾರಿ ಉಜ್ಜಲ್ಪಟ್ಟು ಸುಡುತ್ತದೆ.

ಪರೀಕ್ಷಿಸುವ ಕ್ರಮ: ಎಂಜಿನ್ ನಿಲ್ಲಿಸಿ, ಕೀಲಿಯನ್ನು ತೆಗೆದು, ತಣ್ಣಗಾದ ನಂತರ ಬೆಲ್ಟನ್ನು ಟಾರ್ಚ್ ಬೆಳಕಿನಲ್ಲಿ ನೋಡುವುದು. ಒಳಮೈ ಗಾಜಿನಂತೆ ಹೊಳೆಯುತ್ತಿದ್ದಲ್ಲಿ, ಅಂಚಿನ ನೂಲು ಬಿಚ್ಚಿಕೊಂಡಿದ್ದಲ್ಲಿ, ಬಿರುಕು ಬಿಟ್ಟಿದ್ದಲ್ಲಿ ಅಥವಾ ಸುತ್ತಲೂ ಕಪ್ಪು ಪುಡಿ ಉದುರಿದ್ದಲ್ಲಿ ಬದಲಾಯಿಸಬೇಕಾಗುತ್ತದೆ. ಇತ್ತೀಚಿನ ಕಾರುಗಳಲ್ಲಿ ಬಳಸುವ ಇ.ಪಿ.ಡಿ.ಎಂ. ಎಂಬ ರಬ್ಬರಿನ ಬೆಲ್ಟುಗಳು ಬಿರುಕು ಬಿಡದೆಯೇ ಟೈರಿನಂತೆ ಸವೆಯುತ್ತವೆ. ಆದಕಾರಣ ಬಿರುಕಿಲ್ಲವೆಂಬ ಮಾತ್ರಕ್ಕೆ ಬೆಲ್ಟ್ ಸುಸ್ಥಿತಿಯಲ್ಲಿದೆ ಎಂದು ಭಾವಿಸುವಂತಿಲ್ಲ. ಅನೇಕ ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ಎಂಜಿನ್ ನಿಂತ ನಂತರವೂ ತಾನಾಗಿ ತಿರುಗಬಹುದಾದ್ದರಿಂದ ಅದರ ಬಳಿ ಕೈ, ಸೆರಗು, ಶಾಲು ಇತ್ಯಾದಿ ಹೋಗದಂತೆ ಎಚ್ಚರ ವಹಿಸತಕ್ಕದ್ದು.

ಪರಿಹಾರ: ಸವೆದ ಬೆಲ್ಟ್ ಬದಲಾಯಿಸುವುದರ ಜೊತೆಗೆ, ಅದು ಏಕೆ ಜಾರಿತು ಎಂಬುದನ್ನೂ ಪತ್ತೆ ಮಾಡಿಸಬೇಕು. ಬೆಲ್ಟ್ ಬಿಚ್ಚಿದಾಗ ಪ್ರತಿಯೊಂದು ಪುಲ್ಲಿಯನ್ನೂ ಕೈಯಿಂದ ತಿರುಗಿಸಿ ನೋಡಿದಲ್ಲಿ ಹಾಳಾದ ಬೇರಿಂಗ್ ಯಾವುದೆಂದು ತಿಳಿಯುತ್ತದೆ. ಬೇರಿಂಗ್ ಹಿಡಿದುಕೊಂಡಿದ್ದು ಬೆಲ್ಟ್ ಮಾತ್ರ ಹೊಸದಾದಲ್ಲಿ, ಹೊಸ ಬೆಲ್ಟೂ ಕೆಲವೇ ದಿನಗಳಲ್ಲಿ ಸುಡುತ್ತದೆ. ಶಬ್ದ ನಿಲ್ಲಿಸಲೆಂದು ಬೆಲ್ಟಿಗೆ ಸಾಬೂನು, ಎಣ್ಣೆ ಅಥವಾ ಗ್ರೀಸ್ ಹಚ್ಚುವ ರೂಢಿಯನ್ನು ಕೈಬಿಡಬೇಕು. ಚಲಿಸುವಾಗ ಬ್ಯಾಟರಿ ಚಿಹ್ನೆಯ ಕೆಂಪು ದೀಪ ಬೆಳಗಿ, ಎಂಜಿನ್ ಉಷ್ಣತೆಯ ಮುಳ್ಳು ಮೇಲೇರಿದಲ್ಲಿ ಬೆಲ್ಟ್ ತುಂಡಾಗಿದೆ ಎಂದು ತಿಳಿದು ತಕ್ಷಣ ನಿಲ್ಲಿಸತಕ್ಕದ್ದು.

5.2 ಕ್ಲಚ್

ಕ್ಲಚ್ ಪೆಡಲನ್ನು ಅರ್ಧ ಒತ್ತಿ ಹಿಡಿದಾಗ ಕ್ಲಚ್ ಪ್ಲೇಟು ಫ್ಲೈವೀಲಿನ ಮೇಲೆ ಉಜ್ಜುತ್ತಲೇ ಇರುತ್ತದೆ. ಏರಿನಲ್ಲಿ ಹ್ಯಾಂಡ್ ಬ್ರೇಕ್ ಬಳಸದೆ ಕ್ಲಚ್ಚಿನ ಮೇಲೆಯೇ ವಾಹನ ನಿಲ್ಲಿಸುವುದು, ಪೆಡಲಿನ ಮೇಲೆ ಸದಾ ಕಾಲಿಟ್ಟುಕೊಂಡು ಚಲಾಯಿಸುವುದು, ಎರಡನೇ ಗೇರಿನಲ್ಲಿ ಹೊರಡುವುದು, ಕೆಸರಿನಲ್ಲಿ ಹೂತ ವಾಹನವನ್ನು ಬಲವಂತವಾಗಿ ಎಬ್ಬಿಸುವುದು ಇವು ವಾಸನೆಗೆ ಮುಖ್ಯ ಕಾರಣಗಳಾಗಿರುತ್ತವೆ.

ಒಮ್ಮೆ ವಾಸನೆ ಬಂದ ಮಾತ್ರಕ್ಕೆ ಕ್ಲಚ್ ಬದಲಾಯಿಸಬೇಕಾಗಿಲ್ಲ. ಅರ್ಧ ಗಂಟೆ ತಣ್ಣಗಾಗಲು ಬಿಟ್ಟು, ನಂತರ ಸಂಚಾರವಿಲ್ಲದ ಸಮತಟ್ಟು ರಸ್ತೆಯಲ್ಲಿ ಮೇಲಿನ ಗೇರಿನಲ್ಲಿ ಸಾಗುವಾಗ ಆಕ್ಸಿಲರೇಟರನ್ನು ಸ್ವಲ್ಪ ಒತ್ತಿ ನೋಡುವುದು. ಎಂಜಿನ್ನಿನ ಶಬ್ದ ಮತ್ತು ವೇಗ ಏರಿದರೂ ಕಾರಿನ ವೇಗ ಅದಕ್ಕೆ ತಕ್ಕಂತೆ ಏರದಿದ್ದಲ್ಲಿ ಕ್ಲಚ್ ಜಾರುತ್ತಿದೆ ಎಂದರ್ಥ. ಹಾಗಾಗದಿದ್ದಲ್ಲಿ ಚಾಲನಾ ಕ್ರಮವನ್ನು ತಿದ್ದಿಕೊಂಡರೆ ಸಾಕು. ಜಾರುತ್ತಿದ್ದಲ್ಲಿ, ಮೊದಲು ಕೇಬಲ್ಲಿನ ಸಡಿಲಿಕೆಯನ್ನು ಸರಿಪಡಿಸಿ ನೋಡಿಸುವುದು. ಆಗಲೂ ಸರಿಹೋಗದಿದ್ದಲ್ಲಿ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್ ಮತ್ತು ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಾಯಿಸುವುದು ಲೇಸು; ಏಕೆಂದರೆ ಗೇರ್ ಬಾಕ್ಸ್ ಇಳಿಸುವ ಕೂಲಿಯೇ ಖರ್ಚಿನ ದೊಡ್ಡ ಭಾಗವಾಗಿರುತ್ತದೆ. ಹಳೆಯ ಪ್ಲೇಟಿನ ಮೇಲೆ ಆಯಿಲ್ ಪಸೆ ಕಂಡಲ್ಲಿ ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲನ್ನೂ ಅದೇ ಸಮಯದಲ್ಲಿ ಬದಲಾಯಿಸತಕ್ಕದ್ದು.

5.3 ಬ್ರೇಕ್

ಬ್ರೇಕಿನಿಂದ ಬರುವ ಕಮರು ವಾಸನೆಯನ್ನು ಅತ್ಯಂತ ಗಂಭೀರವಾಗಿ ಪರಿಗಣಿಸತಕ್ಕದ್ದು. ಶಿರಾಡಿ, ಚಾರ್ಮಾಡಿ, ಆಗುಂಬೆ, ಸಂಪಾಜೆ ಮುಂತಾದ ಘಾಟಿಗಳಲ್ಲಿ ಇಳಿಯುವಾಗ ಬ್ರೇಕ್ ಪೆಡಲನ್ನು ನಿರಂತರವಾಗಿ ಒತ್ತಿ ಹಿಡಿಯುವುದರಿಂದ ಪ್ಯಾಡ್, ಡಿಸ್ಕ್ ಮತ್ತು ಡ್ರಮ್ಮುಗಳು ವಿಪರೀತ ಕಾಯುತ್ತವೆ. ಕಾದ ಪ್ಯಾಡಿನ ಹಿಡಿತ ಕುಗ್ಗುತ್ತದೆ. ಅಲ್ಲದೆ ಶಾಖವು ಬ್ರೇಕ್ ಆಯಿಲಿಗೂ ತಲುಪುತ್ತದೆ. ಡಾಟ್ 3 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಆದರೆ ಈ ಆಯಿಲ್ ಗಾಳಿಯಲ್ಲಿರುವ ತೇವಾಂಶವನ್ನು ಹೀರಿಕೊಳ್ಳುವ ಗುಣ ಹೊಂದಿದ್ದು, ನೀರು ಸೇರಿದ ಆಯಿಲಿನ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4 ದರ್ಜೆಯಲ್ಲಿ ಇವು ಕ್ರಮವಾಗಿ 230 ಮತ್ತು 155 ಡಿಗ್ರಿ. ಆಯಿಲ್ ಕುದಿದು ಗುಳ್ಳೆಗಳಾದಲ್ಲಿ ಪೆಡಲು ನೆಲ ಮುಟ್ಟಿದರೂ ಬ್ರೇಕ್ ಹಿಡಿಯುವುದಿಲ್ಲ. ವರ್ಷಗಟ್ಟಲೆ ಬ್ರೇಕ್ ಆಯಿಲ್ ಬದಲಾಯಿಸದ ವಾಹನಗಳು ಘಾಟಿಯಲ್ಲಿ ಅಪಾಯಕ್ಕೀಡಾಗಲು ಇದು ಒಂದು ಕಾರಣ.

ಘಾಟಿ ಇಳಿಯುವಾಗ, ಅದೇ ಏರನ್ನು ಹತ್ತಲು ಯಾವ ಗೇರ್ ಬೇಕಾಗುತ್ತದೆಯೋ ಅದೇ ಗೇರಿನಲ್ಲಿ ಇಳಿಯುವುದು. ಎಂಜಿನ್ ತಾನೇ ವೇಗವನ್ನು ತಡೆಯುತ್ತದೆ; ಬ್ರೇಕನ್ನು ಬೇಕಾದಾಗ ಒತ್ತಿ, ಬಿಟ್ಟು ಬಳಸಿದರೆ ಸಾಕಾಗುತ್ತದೆ. ಇಂಧನ ಉಳಿಸಲೆಂದು ನ್ಯೂಟ್ರಲ್ಲಿನಲ್ಲಿ ಅಥವಾ ಎಂಜಿನ್ ನಿಲ್ಲಿಸಿ ಇಳಿಯುವುದು ಪ್ರಾಣಾಪಾಯಕಾರಿ. ವಾಸನೆ ಬಂದಲ್ಲಿ ಮೊದಲ ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಬ್ರೇಕ್ ತಾನಾಗಿ ತಣ್ಣಗಾಗಲು ಬಿಡುವುದು. ಕಾದ ಡಿಸ್ಕಿನ ಮೇಲೆ ನೀರು ಸುರಿದಲ್ಲಿ ಅದು ಸೊಟ್ಟಗಾಗಬಹುದು ಅಥವಾ ಬಿರುಕು ಬಿಡಬಹುದು. ಹೊರಡುವ ಮುನ್ನ ಪೆಡಲು ಮೊದಲಿನಂತೆ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸಿಕೊಳ್ಳತಕ್ಕದ್ದು. ಮೆತ್ತಗಿದ್ದಲ್ಲಿ ವಾಹನವನ್ನು ಚಲಾಯಿಸಬಾರದು.

ಸಮತಟ್ಟು ರಸ್ತೆಯಲ್ಲಿ ವಾಸನೆ ಬಂದಲ್ಲಿ, ಮೊದಲು ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿದೆಯೇ ಎಂದು ನೋಡುವುದು. ಇಳಿದಿದ್ದಲ್ಲಿ, ನಾಲ್ಕೂ ಚಕ್ರಗಳ ಬಳಿ ಅಂಗೈಯನ್ನು ತುಸು ದೂರದಲ್ಲಿ ಹಿಡಿದು ಶಾಖವನ್ನು ಹೋಲಿಸುವುದು. ಒಂದು ಚಕ್ರ ಮಾತ್ರ ಹೆಚ್ಚು ಬಿಸಿಯಾಗಿದ್ದಲ್ಲಿ ಅಲ್ಲಿನ ಬ್ರೇಕ್ ಹಿಡಿದುಕೊಂಡಿದೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆಗಾಲದ ನಂತರ ಕ್ಯಾಲಿಪರಿನ ಪಿನ್ನುಗಳು ಹಾಗೂ ಹ್ಯಾಂಡ್ ಬ್ರೇಕ್ ಕೇಬಲ್ ತುಕ್ಕು ಹಿಡಿದು ಈ ದೋಷ ಉಂಟಾಗಬಹುದು. ಪಿನ್ನುಗಳನ್ನು ಸ್ವಚ್ಛಗೊಳಿಸಿ, ಬ್ರೇಕಿಗೆಂದೇ ಇರುವ ಗ್ರೀಸ್ ಹಚ್ಚಿ, ಅಗತ್ಯವಿದ್ದಲ್ಲಿ ಪಿಸ್ಟನ್ ಸೀಲ್ ಅಥವಾ ಕೇಬಲ್ ಬದಲಾಯಿಸಬೇಕು. ಹಿಡಿದುಕೊಂಡ ಕ್ಯಾಲಿಪರನ್ನು ಸರಿಪಡಿಸದೆ ಹೊಸ ಪ್ಯಾಡ್ ಮಾತ್ರ ಹಾಕುವುದು ವ್ಯರ್ಥ.

5.4 ಟೈರ್

ನಿಗದಿಗಿಂತ ದೊಡ್ಡ ಅಳತೆಯ ಟೈರ್ ಅಳವಡಿಸಿದಾಗ, ಸ್ಪ್ರಿಂಗ್ ಕುಗ್ಗಿದಾಗ ಅಥವಾ ಅತಿಭಾರ ಹೇರಿದಾಗ ಟೈರು ಚಕ್ರದ ಮೇಲಿನ ಕಮಾನಿಗೆ ಉಜ್ಜುತ್ತದೆ. ಟೈರಿನ ಅಂಚಿನಲ್ಲಿ ಹಾಗೂ ಕಮಾನಿನ ಒಳಭಾಗದಲ್ಲಿ ಹೊಳೆಯುವ ಗೆರೆಗಳು ಕಂಡುಬಂದಲ್ಲಿ ಇದು ಖಚಿತವಾಗುತ್ತದೆ. ತಯಾರಕರು ಸೂಚಿಸಿದ ಅಳತೆಯ ಟೈರನ್ನು ಅಳವಡಿಸುವುದೇ ಪರಿಹಾರ.

ಗಾಳಿ ಕಡಿಮೆಯಿರುವ ಟೈರಿನ ಪಕ್ಕೆಗಳು ಪ್ರತಿ ಸುತ್ತಿನಲ್ಲೂ ಹೆಚ್ಚಾಗಿ ಮಡಿಚಿಕೊಂಡು ಒಳಗಿನಿಂದಲೇ ಕಾಯುತ್ತವೆ. ಹೆದ್ದಾರಿಯ ವೇಗದಲ್ಲಿ ಇದು ಟೈರ್ ಸಿಡಿಯಲು ಕಾರಣವಾಗಬಹುದು. ಚಾಲಕರ ಬಾಗಿಲಿನ ಚೌಕಟ್ಟಿನ ಬಳಿ ಅಥವಾ ಕೈಪಿಡಿಯಲ್ಲಿ ನಮೂದಿಸಿರುವ ಪ್ರಮಾಣದಂತೆ, ಟೈರ್ ತಣ್ಣಗಿರುವಾಗ ಗಾಳಿ ತುಂಬಿಸುವುದು. ಸ್ಟೆಪ್ನಿಯನ್ನೂ ಮರೆಯಬಾರದು. ಪಂಕ್ಚರ್ ಆದ ಟೈರಿನಲ್ಲಿ ಚಲಾಯಿಸಿಕೊಂಡು ಹೋಗಿದ್ದಲ್ಲಿ, ಆ ಟೈರನ್ನು ರಿಮ್ಮಿನಿಂದ ಬಿಚ್ಚಿ ಒಳಭಾಗ ಪರೀಕ್ಷಿಸದೆ ಮರುಬಳಕೆ ಮಾಡಬಾರದು. ಕಾರಿನ ಟೈರಿನ ಗಾಡಿಗಳ ಆಳವು 1.6 ಮಿಲಿಮೀಟರ್‌ಗಿಂತ ಕಡಿಮೆಯಾದಲ್ಲಿ ನಿಯಮಾನುಸಾರ ಆ ಟೈರ್ ಬಳಕೆಗೆ ಯೋಗ್ಯವಲ್ಲ.

5.5 ಆಯಿಲ್ ಮತ್ತು ಗ್ರೀಸ್ ಸೋರಿಕೆ, ಹೋಸ್ ಪೈಪುಗಳು

ಎಂಜಿನ್ನಿನ ಮೇಲಿನ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಹಳತಾದಲ್ಲಿ ಆಯಿಲ್ ಜಿನುಗಿ ಬಿಸಿ ಹೊಗೆಕೊಳವೆಯ ಮೇಲೆ ಬಿದ್ದು ಸುಡುತ್ತದೆ. ಪ್ಯಾಕಿಂಗಿನ ಬೆಲೆ ಅಲ್ಪ. ಅಲಕ್ಷಿಸಿದರೆ ಬೆಂಕಿಯ ಸಂಭವವಿದೆ. ಮುಂಚಕ್ರಗಳಿಗೆ ಶಕ್ತಿ ಒದಗಿಸುವ ಆಕ್ಸಲಿನ ತುದಿಯಲ್ಲಿರುವ ರಬ್ಬರ್ ಬೂಟು ಹರಿದಲ್ಲಿ, ಒಳಗಿನ ಗ್ರೀಸ್ ಸುತ್ತಲೂ ಸಿಡಿದು ಹೊಗೆಕೊಳವೆಯ ಮೇಲೆ ಬೀಳುತ್ತದೆ. ತಿರುಗಿಸುವಾಗ ಟಕಟಕ ಶಬ್ದ ಬರುವ ಮುನ್ನವೇ ಬೂಟು ಬದಲಾಯಿಸಿದಲ್ಲಿ ಆಕ್ಸಲ್ ಉಳಿಯುತ್ತದೆ. ಕ್ಲಿಪ್ಪು ಕಳಚಿದ ಹೋಸ್ ಪೈಪು ಬಿಸಿ ಭಾಗಕ್ಕೆ ತಗುಲಿಯೂ ವಾಸನೆ ಬರಬಹುದು. ಎಂಜಿನ್ ಬಿಸಿಯಾಗಿರುವಾಗ ರೇಡಿಯೇಟರಿನ ಮುಚ್ಚಳ ತೆರೆಯಬಾರದು.

5.6 ಹೊರಗಿನಿಂದ ಸೇರಿಕೊಂಡ ವಸ್ತುಗಳು

ಕೊಯ್ಲಿನ ಕಾಲದಲ್ಲಿ ರಾಜ್ಯದ ಹಲವೆಡೆ ರಾಗಿ, ಹುರುಳಿ ಮುಂತಾದ ಬೆಳೆಗಳನ್ನು ಒಕ್ಕಣೆಗಾಗಿ ರಸ್ತೆಯ ಮೇಲೆ ಹರಡುವುದು ಕಂಡುಬರುತ್ತದೆ. ಹುರುಳಿಯ ಒಣಬಳ್ಳಿಯು ಕಾರಿನ ತಳಭಾಗದಲ್ಲಿ ತಿರುಗುವ ಆಕ್ಸಲಿಗೆ ಸುತ್ತಿಕೊಂಡು, ಬಿಸಿ ಹೊಗೆಕೊಳವೆಗೆ ತಗುಲಿ ಹೊತ್ತಿಕೊಳ್ಳುತ್ತದೆ. ಹೀಗೆ ಕಾರುಗಳು ಸುಟ್ಟು ಕರಕಲಾದ ಪ್ರಕರಣಗಳು ರಾಜ್ಯದಲ್ಲಿ ನಡೆದಿವೆ. ಇಂತಹ ಒಕ್ಕಣೆಯ ಮೇಲೆ ವಾಹನ ಹಾಯಿಸದಿರುವುದು ಒಳ್ಳೆಯದು. ಅನಿವಾರ್ಯವಾಗಿ ಹಾಯಿಸಿದಲ್ಲಿ, ದಾಟಿದ ಕೂಡಲೇ ನಿಲ್ಲಿಸಿ ತಳಭಾಗವನ್ನು ನೋಡಿ, ಎಂಜಿನ್ ನಿಲ್ಲಿಸಿದ ನಂತರ ಕೋಲಿನಿಂದ ಹುಲ್ಲನ್ನು ಎಳೆದು ತೆಗೆಯುವುದು. ರೈತ ಬಾಂಧವರು ಕಣಗಳಲ್ಲಿಯೇ ಒಕ್ಕಣೆ ಮಾಡಿದಲ್ಲಿ ಅವರ ಫಸಲೂ ಪ್ರಯಾಣಿಕರ ಜೀವವೂ ಸುರಕ್ಷಿತವಾಗಿರುತ್ತವೆ.

ಪ್ಲಾಸ್ಟಿಕ್ ಚೀಲ ಸೈಲೆನ್ಸರಿಗೆ ಅಂಟಿದ್ದಲ್ಲಿ, ಪೂರ್ತಿ ತಣ್ಣಗಾದ ನಂತರ ಮರದ ತುಂಡಿನಿಂದ ಕೆರೆದು ತೆಗೆಯಬಹುದು. ಬಹುದಿನ ನಿಲ್ಲಿಸಿದ ಕಾರಿನ ಎಂಜಿನ್ ಭಾಗದಲ್ಲಿ ಇಲಿಗಳು ಗೂಡು ಕಟ್ಟಿರಬಹುದು. ಸರ್ವಿಸ್ ಸಮಯದಲ್ಲಿ ಒರೆಸುವ ಬಟ್ಟೆಯನ್ನು ಅಲ್ಲಿಯೇ ಮರೆತಿರಬಹುದು. ಊರಿಗೆ ಹೋಗಿ ಬಂದ ನಂತರ ಕಾರನ್ನು ಚಾಲನೆ ಮಾಡುವ ಮುನ್ನ ಬಾನೆಟ್ ತೆರೆದು ನೋಡುವುದು ಕ್ಷೇಮಕರ.

5.7 ವಿದ್ಯುತ್ ತಂತಿಗಳು

ಮುಂದೀಪದ 60 ವ್ಯಾಟ್ ಬಲ್ಬಿನ ಸ್ಥಾನದಲ್ಲಿ 100 ವ್ಯಾಟ್ ಬಲ್ಬ್ ಹಾಕಿದಲ್ಲಿ, 12 ವೋಲ್ಟ್ ವ್ಯವಸ್ಥೆಯಲ್ಲಿ ಒಂದು ಬಲ್ಬಿಗೆ ಹರಿಯುವ ವಿದ್ಯುತ್ 5 ಆಂಪಿಯರ್‌ನಿಂದ 8 ಆಂಪಿಯರ್‌ಗೂ ಮೀರುತ್ತದೆ. ತಂತಿಯಲ್ಲಿ ಉಂಟಾಗುವ ಶಾಖವು ವಿದ್ಯುತ್ತಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, ಅದು ಎರಡೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಮೂಲ ತಂತಿ ಇದನ್ನು ತಾಳಲಾರದೆ ಹೊದಿಕೆ ಕರಗುತ್ತದೆ. ಹೆಚ್ಚುವರಿ ದೀಪ, ಹಾರ್ನ್, ಧ್ವನಿವ್ಯವಸ್ಥೆಗಳನ್ನು ತಂತಿ ಕತ್ತರಿಸಿ ಜೋಡಿಸಿದಾಗಲೂ ಇದೇ ಅಪಾಯವಿದೆ.

ಫ್ಯೂಸ್ ಪದೇ ಪದೇ ಸುಟ್ಟುಹೋಗುವುದು ದೋಷದ ಸೂಚನೆ. 10 ಆಂಪಿಯರ್‌ನ ಕೆಂಪು ಫ್ಯೂಸಿನ ಜಾಗದಲ್ಲಿ 20 ಆಂಪಿಯರ್‌ನ ಹಳದಿ ಫ್ಯೂಸನ್ನು ಹಾಕುವುದು, ತಾಮ್ರದ ತಂತಿ ಅಥವಾ ಸಿಗರೇಟಿನ ಬೆಳ್ಳಿಕಾಗದ ಸುತ್ತುವುದು ಬೆಂಕಿಯನ್ನು ಆಹ್ವಾನಿಸಿದಂತೆ. ಡ್ಯಾಷ್‌ಬೋರ್ಡಿನಿಂದ ವಾಸನೆ ಬಂದಲ್ಲಿ ಎಲ್ಲ ವಿದ್ಯುತ್ ಸಾಧನಗಳನ್ನು ಆರಿಸಿ, ಎಂಜಿನ್ ನಿಲ್ಲಿಸಿ, ಹೊಗೆ ಇಲ್ಲವೆಂದು ಖಚಿತವಾದ ಮೇಲೆ ಬ್ಯಾಟರಿಯ ಋಣ ತುದಿಯನ್ನು ಕಳಚಿ, ಆಟೋ ಎಲೆಕ್ಟ್ರಿಷಿಯನ್ ಅವರಿಗೆ ತೋರಿಸುವುದು. ಇಲಿ ಕಡಿದ ತಂತಿಗೆ ಟೇಪ್ ಸುತ್ತಿ ಬಿಡದೆ ಸರಿಯಾಗಿ ಜೋಡಿಸಿ, ಹೊದಿಕೆ ಹಾಕಿಸತಕ್ಕದ್ದು.

5.8 ವಿದ್ಯುತ್ ಚಾಲಿತ ಕಾರುಗಳು

ಬ್ಯಾಟರಿ ಚಾಲಿತ ಕಾರುಗಳಲ್ಲಿ ಕ್ಲಚ್ ಮತ್ತು ಎಂಜಿನ್ ಬೆಲ್ಟ್ ಇರುವುದಿಲ್ಲ. ಟೈರ್, ಬ್ರೇಕ್ ಮತ್ತು ತಂತಿಗಳಿಗೆ ಸಂಬಂಧಿಸಿದ ಮೇಲ್ಕಂಡ ಅಂಶಗಳು ಇವುಗಳಿಗೂ ಅನ್ವಯಿಸುತ್ತವೆ. ಕಿತ್ತಳೆ ಬಣ್ಣದ ಅಧಿಕ ವೋಲ್ಟೇಜಿನ ಕೇಬಲ್‌ಗಳನ್ನು ಯಾವುದೇ ಕಾರಣಕ್ಕೂ ಮುಟ್ಟಬಾರದು. ಚಾರ್ಜ್ ಮಾಡುವಾಗ ಪ್ಲಗ್ ಕಾದು ವಾಸನೆ ಬಂದಲ್ಲಿ, ಪ್ಲಗ್ಗನ್ನು ಮುಟ್ಟದೆ ಮೈನ್ ಸ್ವಿಚ್ಚಿನಿಂದ ವಿದ್ಯುತ್ ಸ್ಥಗಿತಗೊಳಿಸಿ, ಸಾಕೆಟ್ ಮತ್ತು ಭೂಸಂಪರ್ಕವನ್ನು ಪರೀಕ್ಷಿಸುವುದು. ಬ್ಯಾಟರಿ ಭಾಗದಿಂದ ವಾಸನೆ, ಸಿಳ್ಳಿನಂತಹ ಶಬ್ದ ಅಥವಾ ಹೊಗೆ ಬಂದಲ್ಲಿ ಕೂಡಲೇ ದೂರ ಸರಿಯತಕ್ಕದ್ದು.

6. ಆತಂಕಪಡಬೇಕಾಗಿಲ್ಲದ ಸಂದರ್ಭಗಳು

ಹೊಸ ಕಾರಿನ ಮೊದಲ ಕೆಲವು ದಿನಗಳಲ್ಲಿ ಹೊಗೆಕೊಳವೆಯ ಮೇಲಿನ ರಕ್ಷಕ ಲೇಪ ಸುಡುವುದರಿಂದಲೂ, ತಳಭಾಗಕ್ಕೆ ತುಕ್ಕು ನಿರೋಧಕ ಲೇಪ ಹಾಕಿಸಿದ ನಂತರವೂ, ಹೊಸದಾಗಿ ಡಾಂಬರು ಹಾಕಿದ ರಸ್ತೆಯಲ್ಲಿ ಸಾಗಿದ ನಂತರವೂ ಅಲ್ಪಕಾಲ ವಾಸನೆ ಬರಬಹುದು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ಮಾನದಂಡದ ಡೀಸೆಲ್ ಕಾರುಗಳಲ್ಲಿ, ಮಸಿ ಹಿಡಿಯುವ ಫಿಲ್ಟರ್ ತಾನಾಗಿ ಶುದ್ಧಿಗೊಳ್ಳುವಾಗ ಹೊಗೆಕೊಳವೆ ಬಹಳ ಕಾದು ಕಮರು ವಾಸನೆ ಬರುವುದುಂಟು. ಈ ವಾಸನೆಗಳು ದಿನದಿಂದ ದಿನಕ್ಕೆ ಕಡಿಮೆಯಾಗಬೇಕು ಅಥವಾ ಸ್ವಲ್ಪ ಸಮಯದಲ್ಲಿ ನಿಲ್ಲಬೇಕು. ಹೆಚ್ಚುತ್ತಾ ಹೋದಲ್ಲಿ ಪರೀಕ್ಷೆಗೆ ಒಳಪಡಿಸತಕ್ಕದ್ದು.

7. ದುರಸ್ತಿ ಮಾಡಿಸುವಾಗ ಗಮನಿಸಬೇಕಾದ ಅಂಶಗಳು

(1) ವಾಸನೆ ಬಂದ ಸಮಯ, ಸ್ಥಳ, ವೇಗ, ಹೊರೆ ಇತ್ಯಾದಿ ವಿವರಗಳನ್ನು ಜಾಬ್ ಕಾರ್ಡಿನಲ್ಲಿ ಬರೆಸುವುದು.
(2) ಕೆಲಸ ಆರಂಭಿಸುವ ಮುನ್ನ ಬಿಡಿಭಾಗ ಮತ್ತು ಕೂಲಿಯ ಅಂದಾಜು ವೆಚ್ಚವನ್ನು ಲಿಖಿತವಾಗಿ ಪಡೆಯುವುದು.
(3) ಬದಲಾಯಿಸಿದ ಹಳೆಯ ಭಾಗಗಳನ್ನು ತೋರಿಸುವಂತೆ ಕೇಳುವುದು. ಸುಟ್ಟ ಗುರುತು ಎಲ್ಲಿದೆ ಎಂಬುದರಿಂದ ಮೂಲ ದೋಷ ತಿಳಿಯುತ್ತದೆ.
(4) ರಸೀದಿ ಪಡೆದು ಕಾಯ್ದಿಟ್ಟುಕೊಳ್ಳುವುದು. ಸೇವಾ ನ್ಯೂನತೆ ಕಂಡುಬಂದಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಪರಿಹಾರ ಕೋರಲು ಇದು ಅವಶ್ಯಕ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.
(5) ದುರಸ್ತಿಯ ನಂತರ ಮೆಕ್ಯಾನಿಕ್ ಜೊತೆಯಲ್ಲಿಯೇ, ಮೊದಲು ವಾಸನೆ ಬಂದಂತಹದೇ ಸಂದರ್ಭದಲ್ಲಿ ವಾಹನವನ್ನು ಚಲಾಯಿಸಿ ನೋಡುವುದು.

ಒಂದೇ ಮಾದರಿಯ ಅನೇಕ ಕಾರುಗಳಲ್ಲಿ ಅಪಾಯಕಾರಿಯಾದ ಒಂದೇ ದೋಷ ವರದಿಯಾದಲ್ಲಿ, ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯ ಮೂಲಕ ಸೇರಿಸಲಾದ 110ಎ ಪ್ರಕರಣದಂತೆ, ಅಂತಹ ವಾಹನಗಳನ್ನು ಹಿಂಪಡೆಯುವಂತೆ ತಯಾರಕರಿಗೆ ನಿರ್ದೇಶಿಸಲು ಕೇಂದ್ರ ಸರ್ಕಾರಕ್ಕೆ ಅಧಿಕಾರವಿದೆ.

8. ಅರ್ಜಿದಾರರಿಗೆ ಸಂಬಂಧಿಸಿದ ನಿಯಮಗಳು

ಮೋಟಾರು ವಾಹನ ಕಾಯ್ದೆ, 1988ರ 41ನೇ ಪ್ರಕರಣದಂತೆ ಸ್ವಂತ ಬಳಕೆಯ ಕಾರಿನ ನೋಂದಣಿ ಪ್ರಮಾಣ ಪತ್ರವು 15 ವರ್ಷಗಳವರೆಗೆ ಊರ್ಜಿತವಾಗಿರುತ್ತದೆ. ನಂತರ 5 ವರ್ಷಗಳ ಅವಧಿಗೆ ನವೀಕರಿಸಬಹುದಾಗಿದೆ. ಇದಕ್ಕಾಗಿ ಅವಧಿ ಮುಗಿಯುವ ಮುನ್ನ 60 ದಿನಗಳ ಒಳಗೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ವಾಹನವನ್ನು ತಪಾಸಣೆಗೆ ಹಾಜರುಪಡಿಸತಕ್ಕದ್ದು. ಹಳದಿ ಫಲಕದ ಟ್ಯಾಕ್ಸಿ ಮುಂತಾದ ಸಾರಿಗೆ ವಾಹನಗಳಿಗೆ 56ನೇ ಪ್ರಕರಣದಂತೆ ಅರ್ಹತಾ ಪತ್ರ ಕಡ್ಡಾಯ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 62ನೇ ನಿಯಮದಂತೆ ಹೊಸ ವಾಹನಕ್ಕೆ 2 ವರ್ಷ, ಆನಂತರ 8 ವರ್ಷ ಹಳೆಯದಾಗುವವರೆಗೆ 2 ವರ್ಷಗಳಿಗೊಮ್ಮೆ, ಅದಕ್ಕಿಂತ ಹಳೆಯ ವಾಹನಗಳಿಗೆ ಪ್ರತಿ ವರ್ಷ ಇದನ್ನು ಪಡೆಯಬೇಕಾಗುತ್ತದೆ.

ತಪಾಸಣೆಯಲ್ಲಿ ಬ್ರೇಕ್, ಟೈರ್, ದೀಪ, ಸ್ಟೀರಿಂಗ್ ಮುಂತಾದವುಗಳ ಸ್ಥಿತಿಯನ್ನು ನೋಡಲಾಗುವುದರಿಂದ, ವಾಸನೆಯನ್ನುಂಟುಮಾಡುವ ಅನೇಕ ದೋಷಗಳು ಅಲ್ಲಿಯೂ ತೊಡಕಾಗುತ್ತವೆ. ತಪಾಸಣೆಯ ಹಿಂದಿನ ದಿನ ದೋಷವನ್ನು ಮರೆಮಾಚುವ ಬದಲು ಕೆಲವು ವಾರಗಳ ಮುಂಚೆಯೇ ಸರಿಪಡಿಸಿಕೊಳ್ಳುವುದು ಮಾಲೀಕರಿಗೆ ಹಿತಕರ. ಅರ್ಹತಾ ಪತ್ರ ದೊರೆತ ಮಾತ್ರಕ್ಕೆ ಮಾಲೀಕರ ಹೊಣೆ ಮುಗಿಯುವುದಿಲ್ಲ. ಸಾಮಾನ್ಯ ಎಚ್ಚರಿಕೆಯಿಂದ ಕಂಡುಹಿಡಿಯಬಹುದಾಗಿದ್ದ ಅಪಾಯಕಾರಿ ದೋಷವಿರುವ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಚಲಾಯಿಸುವುದು 190ನೇ ಪ್ರಕರಣದಂತೆ ಶಿಕ್ಷಾರ್ಹ ಅಪರಾಧವಾಗಿರುತ್ತದೆ. ಸುಟ್ಟ ವಾಸನೆಯನ್ನು ದಿನಗಟ್ಟಲೆ ಅಲಕ್ಷಿಸುವ ಮಾಲೀಕರು ಇದನ್ನು ಗಮನದಲ್ಲಿರಿಸಿಕೊಳ್ಳುವುದು ಅವಶ್ಯ.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ವಾಸನೆ ಬಂದು ತಾನಾಗಿ ನಿಂತುಹೋಯಿತು. ಪರೀಕ್ಷೆ ಅಗತ್ಯವೇ?
ಉತ್ತರ: ಅಗತ್ಯ. ತುಂಡಾಗಿ ಕಳಚಿಬಿದ್ದ ಬೆಲ್ಟ್ ಅಥವಾ ತಣ್ಣಗಾದ ಬ್ರೇಕಿನಿಂದಲೂ ವಾಸನೆ ನಿಲ್ಲುತ್ತದೆ. ಕಾರಣ ತಿಳಿಯುವವರೆಗೆ ದೂರದ ಪ್ರಯಾಣ ಕೈಗೊಳ್ಳಬಾರದು.

ಪ್ರಶ್ನೆ: ಗ್ಯಾರೇಜಿನವರೆಗೆ ಚಲಾಯಿಸಿಕೊಂಡು ಹೋಗಬಹುದೇ?
ಉತ್ತರ: ಕ್ಲಚ್ ವಾಸನೆ ಮಾತ್ರವಾಗಿದ್ದು, ತಣ್ಣಗಾದ ನಂತರ ಜಾರದಿದ್ದಲ್ಲಿ ನಿಧಾನವಾಗಿ ಹೋಗಬಹುದು. ಬ್ರೇಕ್, ವಿದ್ಯುತ್ ತಂತಿ, ಇಂಧನ ಅಥವಾ ಆಯಿಲ್ ಸೋರಿಕೆಯ ಶಂಕೆಯಿದ್ದಲ್ಲಿ ವಾಹನವನ್ನು ಎಳೆದೊಯ್ಯುವ ವ್ಯವಸ್ಥೆ ಮಾಡತಕ್ಕದ್ದು.

ಪ್ರಶ್ನೆ: ಕಾರಿನಲ್ಲಿ ಅಗ್ನಿಶಾಮಕ ಸಾಧನ ಇಟ್ಟುಕೊಳ್ಳುವುದು ಉಪಯುಕ್ತವೇ?
ಉತ್ತರ: ಹೌದು. ಎ.ಬಿ.ಸಿ. ದರ್ಜೆಯ ಒಣಪುಡಿಯ ಚಿಕ್ಕ ಸಾಧನವನ್ನು ಚಾಲಕರ ಕೈಗೆಟಕುವಂತೆ ಇಡಬಹುದು. ಬೆಂಕಿ ಸಣ್ಣದಿರುವಾಗ ಮಾತ್ರ ಅದು ಪ್ರಯೋಜನಕ್ಕೆ ಬರುತ್ತದೆ. ಬೆಂಕಿ ಹರಡಿದಲ್ಲಿ ದೂರ ಸರಿಯುವುದೇ ಸರಿಯಾದ ಕ್ರಮ.

10. ತುರ್ತು ದೂರವಾಣಿ ಸಂಖ್ಯೆಗಳು

ಏಕೀಕೃತ ತುರ್ತು ಸೇವೆ: 112
ಅಗ್ನಿಶಾಮಕ ಸೇವೆ: 101
ಆಂಬ್ಯುಲೆನ್ಸ್: 108
ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ: 1033

ಶುಲ್ಕ ಮತ್ತು ಅರ್ಜಿಯ ವಿಧಾನಗಳು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುವುದರಿಂದ, ಅರ್ಜಿದಾರರು ಅರ್ಜಿ ಸಲ್ಲಿಸುವ ಮುನ್ನ ತಮ್ಮ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಛೇರಿಯಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳಲು ಕೋರಲಾಗಿದೆ. ಈ ಮಾಹಿತಿಯು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ ಇದ್ದು, ಆಯಾ ವಾಹನದ ತಯಾರಕರು ನೀಡಿರುವ ಕೈಪಿಡಿಯ ಸೂಚನೆಗಳನ್ನು ಮೊದಲು ಪಾಲಿಸತಕ್ಕದ್ದು.